ಸ್ಥಿತಿಕರಣಾಂಗವೂ ವ್ಯಸನತ್ಯಾಗವೂ



ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿಬಲ್ಲೆವು. ಅವುಗಳಲ್ಲಿ ನಿಃಶಂಕಿತಕ್ಕೂ ಪ್ರಭಾವನೆಗೂ ಪ್ರವಚನಗಳಲ್ಲಿ ದೊರೆಯುವಷ್ಟು ಅವಕಾಶ ಸ್ಥಿತಿಕರಣಕ್ಕೆ ದೊರೆಯುವುದಿಲ್ಲ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಧರ್ಮವತ್ಸಲರು ಮರಳಿ ಅಲ್ಲಿಯೇ ನೆಲೆಗೊಳಿಸುವುದು ಸ್ಥಿತಿಕರಣವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಈ ಅಂಗದ ಹೊಣೆಯನ್ನು ಆಚಾರ್ಯರು ಜಾರಿದವನ ತಲೆಯ ಮೇಲೆ ಹೊರಿಸದೆ ಅವನ ಪಕ್ಕದಲ್ಲಿ ನಿಂತವನ ಮೇಲೆ ಹೊರಿಸಿದ್ದಾರೆ.

ಸಪ್ತವ್ಯಸನಗಳು ನಮಗೆ ಕಂಠಪಾಠ. ಆದರೆ ಅವು ವೇಷ ಬದಲಿಸಿಕೊಂಡು ನಮ್ಮ ಓಣಿಗೆ ಬಂದಾಗ ಗುರುತು ಹತ್ತುವುದಿಲ್ಲ. ದ್ಯೂತವು ಪಗಡೆಯ ಹಾಸನ್ನು ಬಿಟ್ಟು ಓಸಿ ಚೀಟಿಗೂ ಮೊಬೈಲಿನ ಪಣದಾಟಕ್ಕೂ ಬಂದಿದೆ. ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಗುಟಖಾ ಮೆಲ್ಲುವ ಶ್ರಾವಕಪುತ್ರರು ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಇದ್ದಾರೆ, ಮತ್ತು ಆ ಮನೆಗಳಲ್ಲಿ ಬೈಗುಳವೂ ಇದೆ, ಉಪದೇಶವೂ ಇದೆ. ಆದರೂ ಚಟ ಬಿಡುವುದಿಲ್ಲ.

ವಾರಿಷೇಣ ಮುನಿಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಶ್ರೇಣಿಕ ಮಹಾರಾಜನ ಮತ್ತು ಚೇಲನಾದೇವಿಯ ಪುತ್ರರಾದ ಅವರು ತಮ್ಮ ಗೆಳೆಯ ಪುಷ್ಪಡಾಲನಿಗೂ ದೀಕ್ಷೆ ಕೊಡಿಸಿದರು. ಹನ್ನೆರಡು ವರ್ಷ ಕಳೆದರೂ ಅವನ ಮನಸ್ಸು ಬಿಟ್ಟುಬಂದ ಹೆಂಡತಿಯಲ್ಲಿಯೇ ಇತ್ತು. ಕೊನೆಗೆ ಮನೆಯ ಹಾದಿ ಹಿಡಿದ. ವಾರಿಷೇಣರು ಅವನನ್ನು ಗದರಿಸಲಿಲ್ಲ, ಸಂಘದ ನಡುವೆ ನಿಲ್ಲಿಸಿ ಅವಮಾನಿಸಲಿಲ್ಲ. ಜೊತೆಗೆ ನಡೆದು ತಮ್ಮ ಅರಮನೆಗೇ ಕರೆದೊಯ್ದರು. ಮಗನೇ ಜಾರಿದನೋ ಏನೋ ಎಂದು ಶಂಕಿಸಿದ ತಾಯಿ ಎರಡು ಬಗೆಯ ಆಸನಗಳನ್ನು ಹಾಕಿಸಿ ಪರೀಕ್ಷಿಸಿದಳಂತೆ. ತಾಯಂದಿರ ಕಣ್ಣು ಅಂಥದು! ವಾರಿಷೇಣರು ವಿರಾಗಿಗೆ ತಕ್ಕ ಆಸನದಲ್ಲಿ ಕುಳಿತು, ಸರ್ವಾಲಂಕೃತರಾದ ತಮ್ಮ ಪತ್ನಿಯರನ್ನು ಕರೆಸಿ, ಈ ವೈಭವವೆಲ್ಲ ನಿನಗೇ ಇರಲಿ, ಸ್ವೀಕರಿಸು ಎಂದು ಗೆಳೆಯನಿಗೆ ಹೇಳಿದರು. ಇಷ್ಟನ್ನು ತೊರೆದವನ ಎದುರಿಗೆ ತಾನು ಹಂಬಲಿಸಿದ್ದು ಎಷ್ಟೆಂಬುದು ಪುಷ್ಪಡಾಲನಿಗೆ ಆಗ ತಾನಾಗಿಯೇ ತಿಳಿಯಿತು. ಹನ್ನೆರಡು ವರ್ಷ ಕಾದವರು ಇನ್ನೊಂದು ದಿನ ಜೊತೆಗೆ ನಡೆದುದರಿಂದ ಆ ವ್ರತ ಉಳಿಯಿತು.

ನಮ್ಮ ಕಾಲದಲ್ಲಿಯೂ ಈ ತತ್ತ್ವವನ್ನು ಬಲ್ಲವರಿದ್ದಾರೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಅನ್ಯ ಪರಂಪರೆಯವರಾದರೂ 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಚಟಗಾರನು ಮಠಕ್ಕೆ ಬರಲೆಂದು ಅವರು ಕಾಯಲಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ ನಾಡಿನಾದ್ಯಂತ ನಡೆಯುತ್ತಿರುವ ಮದ್ಯವರ್ಜನ ಶಿಬಿರಗಳು ಎಂಟು ದಿನಗಳವು. ಎಂಟು ದಿನಗಳಲ್ಲಿ ಕುಡಿತ ಬಿಟ್ಟುಹೋದೀತೆ ಎಂದು ಕೇಳುವವರುಂಟು. ಆದರೆ ಅಲ್ಲಿ ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ನವಜೀವನ ಸಮಿತಿ ಮಾಡಿಕೊಂಡು ಮತ್ತೆ ಮತ್ತೆ ಕೂಡುತ್ತಾರೆ. ಶಿಬಿರದ ಬಲವೆಲ್ಲ ಒಂಬತ್ತನೆಯ ದಿನದ ಈ ಏರ್ಪಾಡಿನಲ್ಲಿದೆ ಎಂದು ನನ್ನ ಅಭಿಪ್ರಾಯ.

ಉಪವಾಸದ ಉತ್ಸಾಹಿಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಮೂರ್ಛೆಗಳುಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಅಂಥವನಿಗೆ ತ್ಯಾಗದೊಡನೆ ನಿರಾಹಾರವನ್ನೂ ಹೇರುವುದು ಹಿಂಸೆಯೇ ಸರಿ. ಮೊದಲು ವೈದ್ಯರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಯಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಔಷಧ ತೆಗೆದುಕೊಂಡರೆ ವ್ರತಕ್ಕೆ ಕುಂದಿಲ್ಲ.

ವಿದ್ಯೆಯ ವಿಷಯವೂ ಹೀಗೆಯೇ. ಶಿವಭೂತಿ ಮುನಿಗಳಿಗೆ ಪಾಠ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನಿಂದ ಸಿಪ್ಪೆ ಬೇರೆಯಾಗಿರುವಂತೆ ದೇಹದಿಂದ ಆತ್ಮ ಬೇರೆ ಎಂಬಷ್ಟೇ ಉಪದೇಶ ದೊರೆಯಿತು. 'ತುಷ-ಮಾಷ' ಎಂದು ಘೋಷಿಸುತ್ತಲೇ ಅವರು ಕೇವಲಜ್ಞಾನವನ್ನು ಪಡೆದರೆಂದು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸುತ್ತಾರೆ. ದಡ್ಡನೆಂದು ಅವರನ್ನು ಸಂಘದಿಂದ ಹೊರಗಟ್ಟಿದ್ದರೆ? ಗದಗಿನವರು ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಪದ್ಮಭೂಷಣ ಪಡೆದು, ಆ ವರ್ಷವೇ ಸೆಪ್ಟೆಂಬರಿನಲ್ಲಿ ಅವರು ಅಗಲಿದರು. ಕಣ್ಣಿಲ್ಲದ ಮಕ್ಕಳು ಅಲ್ಲಿ ಕಿವಿಯಿಂದ ಕಲಿತರು. ಊಟ, ವಸತಿ, ಗುರು, ಜೊತೆಗಾರ ಎಲ್ಲವೂ ಒಂದೇ ಛಾವಣಿಯಡಿ ದೊರೆತವು. ನಮ್ಮ ಪಾಠಶಾಲೆಗಳಲ್ಲಿಯೋ, ಅಕ್ಷರ ಹಿಂದುಮುಂದಾಗಿ ಕಾಣುವ ಮಗುವನ್ನು ಹಿಂದಿನ ಸಾಲಿಗೆ ಕೂರಿಸುತ್ತೇವೆ. ಅಂಥ ಮಗುವಿಗೆ ಣಮೋಕಾರವನ್ನೂ ಭಕ್ತಾಮರವನ್ನೂ ಬಾಯಿಪಾಠದಿಂದ ಕಲಿಸಬಹುದಲ್ಲವೆ? ಶಾಲೆಯಲ್ಲಿ ನಗೆಪಾಟಲಾದ ಹುಡುಗನಿಗೆ ಆದರದಿಂದ ಜಾಗ ಕೊಡುವ ಸ್ಥಳ ಕೆಲವೊಮ್ಮೆ ಪಾನ್ ಬೀಡಾ ಅಂಗಡಿಯೊಂದೇ ಆಗಿರುತ್ತದೆ.

ಲಕ್ಷ್ಮೇಶ್ವರದ ಶಂಖಬಸದಿಗೆ ರಾಜರೂ ಶ್ರಾವಕರೂ ಕೊಟ್ಟ ದತ್ತಿಗಳನ್ನು ಶಾಸನಗಳು ಹೇಳುತ್ತವೆ. ಕಲ್ಲು ಜಾರಿದರೆ ಜೀರ್ಣೋದ್ಧಾರಕ್ಕೆಂದು ಇಂದಿಗೂ ವಂತಿಗೆ ಕೂಡಿಸುವ ನಾವು, ಮನುಷ್ಯ ಜಾರಿದಾಗ ಬೆರಳು ತೋರಿಸುತ್ತೇವೆ.

ದಶಲಕ್ಷಣ ಪರ್ವವನ್ನು ನೋಡಿರಿ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಎಷ್ಟೋ ತರುಣರು ಗುಟಖಾ ಮುಟ್ಟುವುದಿಲ್ಲ. ಬೆಳಿಗ್ಗೆ ಮನೆಯವರೊಡನೆ ಅಭಿಷೇಕಕ್ಕೆ ಹೋಗುತ್ತಾರೆ. ಸೂರ್ಯಾಸ್ತದೊಳಗೆ ಊಟ ಮುಗಿಯುತ್ತದೆ. ಕಟ್ಟೆಯ ಹರಟೆಯ ಹೊತ್ತಿಗೆ ಬಸದಿಯಲ್ಲಿ ಪ್ರವಚನವಿರುತ್ತದೆ. ಕ್ಷಮಾವಣಿ ಮುಗಿಯಿತೋ, ಮನೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ. ಅವನೊಬ್ಬನೇ ಅಂಗಡಿಯ ಮುಂದೆ. ಕಾಲಮಿತಿಯುಳ್ಳದ್ದು ನಿಯಮ, ಆಜೀವನದ್ದು ಯಮ ಎಂದು ಸಮಂತಭದ್ರರು ವಿಂಗಡಿಸಿದ್ದಾರೆ. ಅಂಥವನಿಗೆ ಅಂದೇ ಯಮವನ್ನು ಹೇರದೆ ಮುಂದಿನ ಅಷ್ಟಮಿಯವರೆಗೆ ನಿಯಮ ಕೊಡಿಸಿ, ಅಂದು ಬಸದಿಯಲ್ಲಿ ಮತ್ತೆ ಚತುರ್ದಶಿಯವರೆಗೆ ಮುಂದುವರಿಸಬಹುದು. ಆ ಅಷ್ಟಮಿಯಂದು ಅವನು ಬಾರದಿದ್ದರೆ ಸಂಜೆ ಅವನ ಮನೆಗೆ ಹೋಗತಕ್ಕವರು ಯಾರೆಂಬುದನ್ನು, ನಿಯಮ ಕೊಡುವ ದಿನವೇ ಗೊತ್ತುಮಾಡಿಕೊಂಡಿರಬೇಕು.