ಬನಶಂಕರಿಯಲ್ಲಿ ಸಿಕ್ಕಿದ್ದು ಎಲ್ಲಿ ಹೋಯಿತು?

ಪ್ರಶ್ನೆ: ನಾವು ಬಾಗಲಕೋಟೆ ನವನಗರದಲ್ಲಿರುವವರು. ಮನೆದೇವರು ಬಾದಾಮಿ ಬನಶಂಕರಿ. ಎರಡು ವರ್ಷದ ಹಿಂದೆ ಬನದ ಹುಣ್ಣಿಮೆಗೆ ಹೋಗಿ ಉಡಿ ತುಂಬಿ ನಿಂತಾಗ ನನಗೆ ಏನಾಯಿತೋ ತಿಳಿಯದು. ಕಣ್ಣೀರು ತಾನಾಗಿ ಹರಿಯಿತು. ಹಿಂದಿನಿಂದ ನೂಕುವ ಜನರ ಗದ್ದಲ ಕೇಳಲಿಲ್ಲ. ‘ನಾ ಅದೀನಿ’ ಅಂತ ಅವ್ವ ಹೇಳಿದ ಹಾಗಾಯಿತು. ಮೂರು ತಿಂಗಳು ಆ ನೆಮ್ಮದಿ ಹಾಗೇ ಇತ್ತು. ಬಹಳ ವರ್ಷದಿಂದ ಅಷ್ಟಕ್ಕಷ್ಟೇ ಇದ್ದ ಅತ್ತೆಯವರನ್ನು ಆಗ ನಾನೇ ಹೋಗಿ ಮಾತಾಡಿಸಿ ಮನೆಗೆ ಕರೆತಂದೆ. ಆಮೇಲೆ ಇಳಕಲ್ಲಿನಲ್ಲಿ ಪಾಲಿನಲ್ಲಿ ಹಾಕಿದ್ದ ಸೀರೆ ವ್ಯಾಪಾರ ಮುಳುಗಿ ಮನೆಯವರು ಸಾಲಕ್ಕೆ ಸಿಕ್ಕರು. ಅದೇ ವರ್ಷ ಅತ್ತೆಯವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಈಗ ದೀಪ ಹಚ್ಚಿದರೆ ಎಣ್ಣೆ ಸುಡುತ್ತದೆ ಅಷ್ಟೇ, ಮನಸ್ಸಿನಲ್ಲಿ ಏನೂ ಇಲ್ಲ. ‘ಅವತ್ತು ಉಡಿ ತುಂಬುವಾಗ ಅಪಚಾರ ಆಗಿದೆ, ದೇವಿ ಬಿಟ್ಟು ಹೋಗಿದ್ದಾಳೆ, ಶಾಂತಿ ಹೋಮ ಮಾಡಿಸು’ ಎಂದು ಬಂಧುಗಳೊಬ್ಬರು ಹೇಳುತ್ತಾರೆ. 25,000 ರೂಪಾಯಿ ಖರ್ಚಂತೆ. ನನ್ನ ಜೊತೆ ಕೆಲಸ ಮಾಡುವ ಗುಳೇದಗುಡ್ಡದ ಕ್ರೈಸ್ತ ಶಿಕ್ಷಕಿಯೊಬ್ಬರು, ‘ನಮ್ಮಲ್ಲೂ ದೇವರು ಮೊದಲು ಬೆಟ್ಟ ಹತ್ತಿಸಿ ಆಮೇಲೆ ಕಣಿವೆಗೆ ಇಳಿಸುತ್ತಾನೆ’ ಎಂದರು. ಅಂದು ಆದದ್ದು ನಿಜವೋ ಭ್ರಮೆಯೋ? ಹೋಮ ಮಾಡಿಸಲೇ? ಅತ್ತೆಯವರ ಆರೈಕೆಯಲ್ಲಿ ಮಡಿ ಉಳಿಯುತ್ತಿಲ್ಲ, ನಿತ್ಯಪೂಜೆ ಹೇಗೆ?
– ಹೆಸರು ಬೇಡವೆಂದ ಸೋದರಿ, ಬಾಗಲಕೋಟೆ

ಉತ್ತರ: ತಾಯಿ, ಹೋಮದ ಮಾತು ಮೊದಲು ಮುಗಿಸೋಣ. ಅದರಲ್ಲಿ ಸಾಲದ ವಿಚಾರ ಇದೆ. ಮಾಡಿಸಬೇಡಿ. ಗ್ರಹಶಾಂತಿ ಇದೆ, ಉದಕಶಾಂತಿ ಇದೆ, ಅವಕ್ಕೆಲ್ಲ ಅವುಗಳದೇ ನಿಮಿತ್ತಗಳಿವೆ. ದೇವರ ಮುಂದೆ ಒಮ್ಮೆ ಬಂದ ಕಣ್ಣೀರು ಮತ್ತೆ ಬರಲಿಲ್ಲ ಎಂಬುದು ಅಂಥ ನಿಮಿತ್ತವಲ್ಲ. ಇನ್ನು ಉಡಿಯ ಅಪಚಾರ. ಖಣದ ಬಣ್ಣ ತಪ್ಪಿತೋ, ಅಕ್ಕಿಯ ಮೇಲೆ ಒಂದು ಕೊಬ್ಬರಿ ಬಟ್ಟಲು ಕಡಿಮೆಯಾಯಿತೋ, ಅಷ್ಟಕ್ಕೇ ಮಕ್ಕಳನ್ನು ಬಿಟ್ಟು ಹೋಗುವವಳಾದರೆ ಆಕೆಯನ್ನು ಅವ್ವ ಅಂತ ಯಾಕ ಕರೀಬೇಕ್ರಿ? ಹಾಗೆ ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಕಷ್ಟ ನೋಡಲಾರದೆ ಅವರಿಗೂ ಒಂದು ಕಾರಣ ಬೇಕಾಗಿದೆ, ಸಿಕ್ಕಿದ್ದನ್ನು ಹೇಳಿದ್ದಾರೆ.

ನಿಜವೋ ಭ್ರಮೆಯೋ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲೇ ಅದಕ್ಕೆ ಉತ್ತರ ಬರೆದು, ಅದರ ಮೇಲೆಯೇ ಹಾದು ಹೋಗಿದ್ದೀರಿ. ಆ ಮೂರು ತಿಂಗಳಲ್ಲಿ ನೀವು ಅತ್ತೆಯವರ ಬಾಗಿಲಿಗೆ ಹೋದಿರಿ. ಹಳೆಯದೆಲ್ಲ ಬದಿಗಿಟ್ಟು ಕರೆತಂದಿರಿ. ಲಕ್ವ ಹೊಡೆದದ್ದು ಅದರ ನಂತರ. ಅದೇ ಮೊದಲೇ ಹೊಡೆದಿದ್ದರೆ? ಮಾತಿಲ್ಲದ ಅತ್ತೆ, ಮಾತಾಡಲೊಲ್ಲದ ಸೊಸೆ, ನಡುವೆ ಒಂದು ಹಾಸಿಗೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನೋಡಲಾಗುವುದಿಲ್ಲ. ಗರ್ಭಗುಡಿಯ ಎದುರು ಎಷ್ಟು ಹೊತ್ತು ನಿಂತಿರಿ, ಏನು ಕೇಳಿಸಿತು ಎಂಬುದನ್ನು ನಾನು ಅಳೆಯಲಾರೆ. ಮನೆಗೆ ಬಂದ ಮೇಲೆ ಅದು ಏನು ಮಾಡಿಸಿತು ಎಂಬುದು ಕಣ್ಣಿಗೆ ಕಾಣುತ್ತದೆ. ಭ್ರಮೆ ಇಂಥ ಕೆಲಸ ಮಾಡಿಸುವುದಿಲ್ಲ.

ಬನಶಂಕರಿಗೆ ಶಾಕಂಭರಿ ಎಂಬ ಹೆಸರು ಯಾಕೆ ಬಂತು ಎಂಬುದು ನಿಮಗೆ ಗೊತ್ತಿದ್ದದ್ದೇ. ಜಾತ್ರೆಯ ಹಿಂದಿನ ದಿನ ಪಲ್ಲೇದ ಹಬ್ಬಕ್ಕೆ 108 ಬಗೆಯ ಪಲ್ಯ ಮಾಡಿ ಎಡೆ ಇಡುವುದನ್ನೂ ಕಂಡವರು ನೀವು. ಆದರೆ ದೇವೀಮಾಹಾತ್ಮ್ಯದಲ್ಲಿ ಆ ಮಾತು ಬರುವ ರೀತಿಯನ್ನು ಒಮ್ಮೆ ಗಮನಿಸಿ. ನೂರು ವರ್ಷ ಮಳೆ ಇಲ್ಲದ ಕಾಲದಲ್ಲಿ ತನ್ನ ಮೈಯಿಂದಲೇ ಹುಟ್ಟಿದ ಕಾಯಿಪಲ್ಯಗಳಿಂದ ಲೋಕದ ಜೀವ ಹಿಡಿದಿಡುತ್ತೇನೆ ಎನ್ನುತ್ತಾಳೆ ದೇವಿ. ಎಲ್ಲಿಯವರೆಗೆ? ಮಳೆ ಬರುವವರೆಗೆ. ಬರಗಾಲವೇ ಬರದಂತೆ ನೋಡಿಕೊಳ್ಳುತ್ತೇನೆ ಎಂಬ ಮಾತು ಅಲ್ಲಿಲ್ಲ. ಬರದೊಳಗೆ ತಿನ್ನಲು ಕೊಡುತ್ತೇನೆ ಎಂಬ ಮಾತಿದೆ. ಅವ್ವ ನಿಮಗೆ ಹೇಳಿದ್ದೂ ‘ನಾ ಅದೀನಿ’ ಎಂದು ತಾನೆ? ‘ನಿನಗೆ ಏನೂ ಆಗೂದಿಲ್ಲ’ ಎಂದು ಆಕೆ ಹೇಳಿದ್ದರೆ ಆಗ ಮೋಸವಾಯಿತು ಎನ್ನಬಹುದಿತ್ತು.

ನಮ್ಮ ಕಡೆ ಜಾತ್ರೆಗೆ, ದೂರದ ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟುತ್ತಾರೆ. ಬುತ್ತಿಗೆ ಬಿಸಿ ರೊಟ್ಟಿ ಯಾರೂ ಕಟ್ಟುವುದಿಲ್ಲ. ಬಡಿದು, ಬೇಯಿಸಿ, ಮತ್ತೆ ಒಲೆಯ ಬದಿಗೆ ನಿಲ್ಲಿಸಿ ಕಡಕ್ ಮಾಡುತ್ತಾರೆ. ಒಲೆಯ ಮುಂದೆ ಕೂತು ಉಣ್ಣುವಾಗಿನ ರುಚಿ ಅದರಲ್ಲಿಲ್ಲ. ಆದರೆ ವಾರಗಟ್ಟಲೆ ಕೆಡುವುದಿಲ್ಲ. ತುಸು ನೀರು ಚಿಮುಕಿಸಿ, ಮೇಲೊಂದಿಷ್ಟು ಗುರೆಳ್ಳು ಚಟ್ನಿ ಹಾಕಿಕೊಂಡರೆ ಹೊಟ್ಟೆ ತುಂಬುತ್ತದೆ. ಈಗ ನಿಮ್ಮ ಹತ್ತಿರ ಇರುವುದು ಆ ಕಡಕ್ ರೊಟ್ಟಿ. ಮೆತ್ತಗಿಲ್ಲ, ಬಿಸಿ ಇಲ್ಲ ಎಂದು ಗಂಟನ್ನೇ ಎಸೆಯಬೇಡಿ.

ನಿಮ್ಮ ಜಿಲ್ಲೆಯಲ್ಲೇ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಇದಕ್ಕಿಂತ ದೊಡ್ಡ ಕಥೆಯೊಂದಿದೆ. ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿ ಅದು ಬರುತ್ತದೆ. ಬಸವಣ್ಣನವರು ಸಂಗಮನಾಥನ ಸೇವೆಯಲ್ಲಿ ಮೈಮರೆತು ಇದ್ದರು. ಒಂದು ರಾತ್ರಿ ಕನಸಿನಲ್ಲಿ ಸಂಗಮನಾಥ ಬಂದು, ಮಂಗಳವಾಡಕ್ಕೆ ಹೋಗು, ಬಿಜ್ಜಳನಿರುವ ಊರಿಗೆ ಹೋಗು ಎಂದ. ಬಸವಣ್ಣನವರಿಗೆ ಸಂತೋಷವಾಗಲಿಲ್ಲ, ದುಃಖವಾಯಿತು. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದು ಮರುಗಿದರು. ಆಗ ದೇವರು ಹೋಗಬೇಡ ಎನ್ನಲಿಲ್ಲ. ನಾನೂ ಬರುತ್ತೇನೆ ಎಂದ. ಮರುದಿನ ನಂದಿಯ ಬಾಯಿಂದ ಲಿಂಗವಾಗಿ ಹೊರಬಂದು ಅವರ ಅಂಗೈಗೆ ಬಂದ. ಗುಡಿಯಲ್ಲಿ ನಿಂತಿದ್ದ ದೇವರು ಹೊತ್ತುಕೊಂಡು ಹೋಗುವಷ್ಟು ಚಿಕ್ಕದಾದ. ಅಂಗೈಯಲ್ಲಿ ಅದನ್ನಿಟ್ಟುಕೊಂಡು ಹೊರಟವರ ಮುಂದೆ ಏನೇನಿತ್ತು! ಮಂತ್ರಿಪದವಿ ಇತ್ತು, ಕಲ್ಯಾಣದ ವೈಭವ ಇತ್ತು, ಕೊನೆಗೆ ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಸುದ್ದಿಯೂ ಇತ್ತು. ಶರಣರು ದಿಕ್ಕುಪಾಲಾದರು. ಬಸವಣ್ಣನವರು ಮರಳಿದ್ದು ಅದೇ ಸಂಗಮಕ್ಕೆ. ಈಗ ನಾರಾಯಣಪುರ ಜಲಾಶಯದ ಹಿನ್ನೀರು ಸುತ್ತುವರಿದಿರುವ ಐಕ್ಯಮಂಟಪಕ್ಕೆ ಬಾವಿಗೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗುವಾಗ ನನಗೆ ನೆನಪಾಗುವುದು ಕಲ್ಯಾಣದ ಮಹಾಮನೆ ಅಲ್ಲ, ಹೊರಡಲೊಲ್ಲದೆ ಗುಡಿಯಲ್ಲಿ ಅತ್ತ ಆ ತರುಣ.

ನಿಮ್ಮ ಸಹೋದ್ಯೋಗಿಯ ಮಾತಿನಿಂದ ಸಮಾಧಾನ ಪಡೆಯುವುದು ತಪ್ಪೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಸಂಕೋಚ ಕಾಣುತ್ತದೆ. ತಪ್ಪಲ್ಲ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನವರು ನೆಲೆ ಮಾಡಿದ್ದು 1851ರಲ್ಲಿ. ಅಂದರೆ ನೀವು ಉಡಿಗೆ ಒಯ್ಯುವ ಖಣ ನೇಯುವ ಊರಿನಲ್ಲೇ ಅವರ ಪ್ರಾರ್ಥನೆಯೂ ಅಷ್ಟು ವರ್ಷದಿಂದ ನಡೆದಿದೆ. ಆ ಶಿಕ್ಷಕಿ ಹೇಳಿದ ಬೆಟ್ಟದ ಕಥೆ ಬೈಬಲ್ಲಿನ ಮತ್ತಾಯ, ಮಾರ್ಕ, ಲೂಕ ಮೂವರ ಸುವಾರ್ತೆಗಳಲ್ಲೂ ಇದೆ. ಯೇಸು ತನಗೆ ಬರಲಿರುವ ಕಷ್ಟ, ಮರಣಗಳ ಬಗ್ಗೆ ಶಿಷ್ಯರಿಗೆ ಹೇಳಿದ ಕೆಲವೇ ದಿನಗಳಲ್ಲಿ ಪೇತ್ರ, ಯಾಕೋಬ, ಯೋಹಾನ ಎಂಬ ಮೂವರನ್ನು ಬೆಟ್ಟದ ಮೇಲೆ ಕರೆದೊಯ್ದ. ಅಲ್ಲಿ ಆತನ ಮುಖ ಸೂರ್ಯನ ಹಾಗೆ ಹೊಳೆಯಿತು. ಪೇತ್ರನಿಗೆ ಇಳಿದು ಬರಲು ಮನಸ್ಸಿಲ್ಲ, ಇಲ್ಲೇ ಗುಡಾರ ಹಾಕೋಣ ಎಂದ. ಇಳಿದು ಬಂದಾಗ ಎದುರಾದದ್ದು ಮೂರ್ಛೆ ಬಿದ್ದು ಒದ್ದಾಡುವ ಒಬ್ಬ ಹುಡುಗ, ಅಳುವ ಅಪ್ಪ. ನಿಮ್ಮ ಮನೆಯ ಹಾಗೇ ಇದೆ ನೋಡ್ರಿ, ಜಾತ್ರೆಯಿಂದ ಬಂದರೆ ಮನೆಯಲ್ಲಿ ರೋಗಿ.

ಆ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಭಾಗ. ಯೇಸುವನ್ನು ಹಿಡಿದೊಯ್ಯುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಎಚ್ಚರವಾಗಿರಿ ಎಂದು ಆತ ಹತ್ತಿರ ಕರೆದುಕೊಂಡದ್ದು ಅದೇ ಮೂವರನ್ನು. ಬೆಟ್ಟದ ಮೇಲಿನ ಬೆಳಕು ಕಂಡ ಅದೇ ಮೂವರು ಅಲ್ಲಿ ನಿದ್ದೆ ಹೋದರು. ಪೇತ್ರ ಬೆಳಗಾಗುವುದರೊಳಗೆ ಆ ಮನುಷ್ಯ ಯಾರೋ ಗೊತ್ತಿಲ್ಲ ಎಂದೂ ಹೇಳಿಬಿಟ್ಟ. ಹಾಗಾದರೆ ಬೆಟ್ಟ ಹತ್ತಿದ್ದು ವ್ಯರ್ಥವೇ? ಅವನ ಹೆಸರಿನ ಎರಡನೆಯ ಪತ್ರದಲ್ಲಿ, ಸಾವು ಹತ್ತಿರವಾಯಿತು ಎಂದು ತಿಳಿದ ಮುದುಕ, ನಾವು ಆತನ ಜೊತೆ ಆ ಬೆಟ್ಟದ ಮೇಲೆ ಇದ್ದೆವು ಎಂದು ನೆನೆಯುತ್ತಾನೆ. ನಡುವಿನ ವರ್ಷಗಳಲ್ಲಿ ಬುತ್ತಿ ಗಂಟಿನಲ್ಲೇ ಇತ್ತು.

ನಮ್ಮ ಅರ್ಜುನ ಮಾತ್ರ ಏನು ಕಡಿಮೆ? ವಿಶ್ವರೂಪವನ್ನೇ ಕಂಡವನು, ಅಭಿಮನ್ಯು ಸತ್ತ ದಿನ ಸಾಮಾನ್ಯ ತಂದೆಯ ಹಾಗೆ ಅತ್ತ. ಯುದ್ಧ ಮುಗಿದ ಮೇಲೆ, ನೀನು ಹೇಳಿದ್ದೆಲ್ಲ ಮರೆತುಹೋಗಿದೆ, ಇನ್ನೊಮ್ಮೆ ಹೇಳು ಎಂದು ಕೃಷ್ಣನನ್ನು ಕೇಳಿದ. ಅಶ್ವಮೇಧಪರ್ವದ ಅನುಗೀತೆ ಶುರುವಾಗುವುದೇ ಹೀಗೆ. ಕೃಷ್ಣ ತುಸು ಬೇಸರಪಟ್ಟು, ಅದನ್ನು ಅದೇ ರೀತಿ ಮತ್ತೆ ಹೇಳಲು ಬರುವುದಿಲ್ಲ ಎಂದು, ಬೇರೊಂದು ಹಳೆಯ ಕಥೆ ಹೇಳುತ್ತಾನೆ. ಆದ್ದರಿಂದ ಈ ಸಲ ಗುಡಿಗೆ ಹೋದಾಗ ‘ಅವತ್ತಿನ ಹಾಗೇ ಆಗಲಿ’ ಎಂದು ಕಣ್ಣು ಮುಚ್ಚಿ ಕಾಯಬೇಡಿ. ಅಂಥ ಹರಕೆ ಕಟ್ಟಿಕೊಳ್ಳಲೂಬೇಡಿ.

ಒಂದು ಮಾತು ಇಲ್ಲಿ ಹೇಳಬೇಕು. ಕಷ್ಟ ಬರುವುದು ಗೊತ್ತಿದ್ದೇ ದೇವಿ ಮುಂಚೆ ಕೊಟ್ಟಳು, ಅಥವಾ ನಿಮ್ಮನ್ನು ಪರೀಕ್ಷಿಸಲೆಂದೇ ಅತ್ತೆಯವರಿಗೆ ಲಕ್ವ ಬಂತು ಎಂದು ನಾನು ಹೇಳಲಾರೆ. ನಿಮ್ಮ ಪರೀಕ್ಷೆಗೆ ಆ ಹಿರಿಯ ಜೀವ ಯಾಕೆ ನರಳಬೇಕು? ವ್ಯಾಪಾರ ಮುಳುಗಿದ್ದಕ್ಕೆ ವ್ಯಾಪಾರದ ಕಾರಣಗಳಿರುತ್ತವೆ. ಬುತ್ತಿ ಇದೆ ಎಂದಷ್ಟೇ ನನ್ನ ಮಾತು, ದಾರಿಯ ಕಲ್ಲುಮುಳ್ಳೆಲ್ಲ ಅವ್ವನೇ ಹಾಸಿದಳು ಎಂದಲ್ಲ. ಹಾಗೆಯೇ, ತಿಂಗಳುಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡವೆನಿಸುತ್ತಿದ್ದರೆ ಅದನ್ನು ಭಕ್ತಿಯ ಕೊರತೆ ಎಂದು ತಿಳಿಯದೆ ವೈದ್ಯರಿಗೆ ತೋರಿಸಿ. ಹೋಮಕ್ಕೆ ತೆಗೆದಿಟ್ಟ ದುಡ್ಡು ಇದ್ದರೆ ವಾರಕ್ಕೆ ನಾಲ್ಕು ದಿನ ಅತ್ತೆಯವರನ್ನು ನೋಡಿಕೊಳ್ಳಲು ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಿ.

ಕಂಡದ್ದನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂಬುದಕ್ಕೆ ನಿಮ್ಮವರು ವ್ಯಾಪಾರ ಮಾಡಿದ ಇಳಕಲ್ಲನ್ನೇ ನೋಡಿ. ಅಲ್ಲಿಯ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆ ಒಡ್ಡಿದರು. ಕೇಳಿದ್ದು ದುಡ್ಡಲ್ಲ, ಜನರ ದುಶ್ಚಟ. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ನಾಡಿನಲ್ಲಿ ವ್ಯಸನಮುಕ್ತ ದಿನ. ಸ್ವಾಮಿಗಳ ಎದುರು ಕಣ್ಣು ತುಂಬಿ ಜೋಳಿಗೆಗೆ ಕುಡಿತ ಹಾಕುವುದು ಒಂದು ಗಳಿಗೆಯ ಕೆಲಸ. ಮರುದಿನ ಸಂಜೆ ಅದೇ ಅಂಗಡಿಯ ಮುಂದೆ ಹಾದು ಮನೆಗೆ ಹೋಗಬೇಕಲ್ಲ! ಆಗ ಕಣ್ಣೀರೂ ಇರುವುದಿಲ್ಲ, ಸ್ವಾಮಿಗಳೂ ಎದುರಿಗಿಲ್ಲ. ಹಾಕಿದ್ದೇನೆ ಎಂಬ ನೆನಪೊಂದೇ ಕಾಲನ್ನು ಮುಂದಕ್ಕೆ ಎಳೆಯಬೇಕು. ನೀವು ಈಗ ನಡೆಯುತ್ತಿರುವುದು ಆ ಸಂಜೆಯ ದಾರಿ.

ಇನ್ನು ಮಡಿ, ನಿತ್ಯಪೂಜೆ. ಆತುರಕ್ಕೆ ನಿಯಮವಿಲ್ಲ ಎಂದು ಹಿರಿಯರು ಹೇಳಿರುವುದು ನಿಮ್ಮಂಥವರಿಗಾಗಿಯೇ. ಬೆಳಗ್ಗೆ ಒಂದು ಸ್ನಾನ ಸಾಕು. ಅತ್ತೆಯವರ ಮೈ ಒರೆಸಿ, ಬಟ್ಟೆ ಬದಲಿಸಿದ ಮೇಲೆ ಕೈಕಾಲು ಸಾಬೂನಿನಿಂದ ತೊಳೆದು, ಸೀರೆ ಬದಲಿಸಿ ದೇವರ ಮುಂದೆ ಹೋಗಿ. ಮತ್ತೆ ಮತ್ತೆ ತಲೆಗೆ ನೀರು ಹಾಕಿಕೊಂಡು ನೀವೂ ಮಲಗಿದರೆ ಇಬ್ಬರನ್ನು ನೋಡುವವರು ಯಾರು? ಒಂದು ದೀಪ, ಒಂದು ಹೂವು, ಒಂದು ನಮಸ್ಕಾರ. ನೈವೇದ್ಯಕ್ಕೆ ಬೇರೆ ಮಾಡಬೇಡಿ. ಅತ್ತೆಯವರಿಗೆ ಕಾಯಿಸಿದ ಗಂಜಿಯನ್ನೇ ಮೊದಲು ಅವ್ವನ ಮುಂದಿಟ್ಟು, ತುಸು ನೀರು ಬಿಟ್ಟು, ಆಮೇಲೆ ಹಾಸಿಗೆಯ ಬಳಿಗೆ ಒಯ್ಯಿರಿ. ಸ್ತೋತ್ರ ಹೇಳುವ ರೂಢಿ ಇದ್ದರೆ ದೇವರ ಕೋಣೆಯಲ್ಲೇ ಕೂರಬೇಕೆಂದಿಲ್ಲ, ಅವರಿಗೆ ಕೇಳುವ ಹಾಗೆ ಅಲ್ಲೇ ಕೂತು ಹೇಳಿ. ನಾಲಿಗೆ ಬಿದ್ದವರಿಗೂ ಕಿವಿ ಇರುತ್ತದೆ. ಹೇಳುವಾಗ ಮನಸ್ಸು ಎಲ್ಲೋ ಹೋದರೆ ಹೋಗಲಿ, ಬಾಯಿ ನಿಲ್ಲಿಸಬೇಡಿ.

ಈ ವರ್ಷದ ಉಡಿ ಬನದ ಹುಣ್ಣಿಮೆಯ ದಿನವೇ ತುಂಬಬೇಕೆಂದಿಲ್ಲ. ಜಾತ್ರೆ ತಿಂಗಳಿಡೀ ಇರುತ್ತದೆ. ಅತ್ತೆಯವರ ಹತ್ತಿರ ಕೂರಲು ಯಾರಾದರೂ ಸಿಕ್ಕ ದಿನ ಹೋಗಿ ಬನ್ನಿ. ಗುಡಿಯ ಮುಂದೆ ಹೊಂಡದ ದಡದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ದರ್ಶನ ಮುಗಿಸಿ ಅಲ್ಲಿ ಕೂತು ಹೊಟ್ಟೆ ತುಂಬ ಉಂಡು, ಅತ್ತೆಯವರಿಗೆ ಅವ್ವನ ಕುಂಕುಮ ತನ್ನಿ.