ಹೊರಲು ನಾಲ್ಕು ಜನ

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮ ಒಂದು ಅರ್ಜಿ ತಂದು ನನ್ನ ಮುಂದಿಟ್ಟಳು. ಸಭೆಯ ಸದಸ್ಯತ್ವದ ಅರ್ಜಿ. ಹೆಸರು, ದೀಕ್ಷಾಸ್ನಾನವಾದ ದಿನಾಂಕ, ಮನೆಯಲ್ಲಿರುವವರ ವಿವರ, ವರ್ಷಕ್ಕೆ ಕಟ್ಟುವ ಚಂದಾ. ಅವಳ ಹೆಸರನ್ನು ಅವಳೇ ಬರೆದಿದ್ದಳು. ಅದರ ಕೆಳಗಿನ ಸಾಲು ಖಾಲಿಯಿತ್ತು. "ಅಜ್ಜಿ ಬಿಟ್ಟ ಜಾಗಕ್ಕೆ ನಾವ್ಯಾಕೆ ಹೋಗಬೇಕು?" ಎಂದೆ. ನಾನು ಪಿಎಚ್.ಡಿ ಮಾಡುತ್ತಿರುವವನು, ಮನಸ್ಸಾಕ್ಷಿ, ಸ್ವಾತಂತ್ರ್ಯ ಎಂಬ ಪದಗಳು ನನ್ನ ಬಾಯಿಗೆ ಬೇಗ ಬರುತ್ತವೆ. ಅಮ್ಮ ಅದಕ್ಕೆ ವಾದ ಹೂಡಲಿಲ್ಲ. "ಅವೆಲ್ಲ ಸರಿ ಕಣಪ್ಪ. ನಾನು ಹೋದ ದಿನ ನಿನ್ ಪಕ್ಕ ಯಾರು ನಿಂತ್ಕೋತಾರೆ, ಅದ್ನ ಹೇಳು" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಯ ಸುತ್ತಲೇ ಇದೆ.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ಕಡೆ ಎತ್ತ ತಿರುಗಿದರೂ ತೆಂಗಿನ ತೋಟ. ಕ್ರೈಸ್ತರ ಮನೆಗಳನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಹಾಗೆಂದು ಕ್ರೈಸ್ತಧರ್ಮ ಈ ಸೀಮೆಗೆ ಹೊಸತಲ್ಲ. 1839ರಲ್ಲಿ ಇಂಗ್ಲೆಂಡಿನಿಂದ ಹೊರಟ ವಿಲಿಯಂ ಆರ್ಥರ್ ಎಂಬ ಯುವ ಪಾದ್ರಿ ಪಕ್ಕದ ಗುಬ್ಬಿಯಲ್ಲಿ ಕೆಲಸ ಮಾಡಿ, ಎರಡೇ ವರ್ಷಕ್ಕೆ ಆರೋಗ್ಯ ಕೆಟ್ಟು ಹಿಂದಿರುಗಿದರು. ನಮ್ಮ ಮನೆತನ ಈ ಧರ್ಮಕ್ಕೆ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ, ಬೇರೆ ದಾರಿಯಿಂದ. 1876–78ರ ದೊಡ್ಡ ಬರದಲ್ಲಿ ಅನಾಥನಾದ ಹುಡುಗನೊಬ್ಬ ಮಿಷನ್ನಿನ ಗಂಜಿ ಕುಡಿದು ಬದುಕಿದ, ನಾವು ಅವನ ವಂಶದವರು ಎಂದು ಮನೆಯಲ್ಲಿ ಹೇಳುತ್ತಾರೆ. ಅಂದರೆ ಒಂದು ಸಂಸ್ಥೆ ಇರದಿದ್ದರೆ ಅದರ ಬಗ್ಗೆ ತಕರಾರು ತೆಗೆಯಲು ನಾನೇ ಇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಅಜ್ಜಿ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ್ದು ನಾನು ಹುಟ್ಟುವ ಮೊದಲು. ದೊಡ್ಡಪ್ಪ ಹಿಂದೂ ಹುಡುಗಿಯೊಬ್ಬಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ದೊಡ್ಡಮ್ಮ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ಸಭೆಯ ಕಮಿಟಿಯವರು ಅಜ್ಜಿಯನ್ನು ಕರೆಸಿ, ಅವರನ್ನು ಮನೆಗೆ ಸೇರಿಸಿಕೊಂಡಿದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಡಬೇಕು, ಅಲ್ಲಿಯವರೆಗೆ ಪ್ರಭುಭೋಜನ ಇಲ್ಲ ಎಂದರು. "ಸೊಸೆಗೆ ಅನ್ನ ಹಾಕಿದೀನಿ. ಅದಕ್ಕೆ ಯಾರ ಹತ್ರ ಕ್ಷಮೆ ಕೇಳ್ಲಿ?" ಎಂದು ಅಜ್ಜಿ ಎದ್ದು ಬಂದಳಂತೆ. ಆಮೇಲೆ ಅವಳು ಆ ಮೆಟ್ಟಿಲು ಹತ್ತಲಿಲ್ಲ. ಆದರೆ ಭಾನುವಾರ ತಪ್ಪಲಿಲ್ಲ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಸತ್ಯವೇದವನ್ನು ಗಟ್ಟಿಯಾಗಿ ಓದುತ್ತಿದ್ದಳು, ಕೀರ್ತನೆ ಹಾಡುತ್ತಿದ್ದಳು, ಆಮೇಲೆ ಊರಲ್ಲಿ ಯಾರು ಹಾಸಿಗೆ ಹಿಡಿದಿದ್ದರೋ ಅವರ ಮನೆಗೆ ಸಾರು ತೆಗೆದುಕೊಂಡು ಹೋಗುತ್ತಿದ್ದಳು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಹತ್ತನೇ ಒಂದು ಭಾಗ ಎತ್ತಿಟ್ಟು ಕೂಲಿಯವರ ಮಕ್ಕಳ ಶಾಲೆಗೆ ಕೊಡುತ್ತಿದ್ದಳು. ಯಾವ ಕೇರಿಯಲ್ಲಿ ಸಾವಾದರೂ ಅವಳು ಅಲ್ಲಿರುತ್ತಿದ್ದಳು.

ಅವಳು ತೀರಿಕೊಂಡಾಗ ನಾನು ಎಂಟನೇ ತರಗತಿಯಲ್ಲಿದ್ದೆ. ಮಳೆಗಾಲ. ಅಪ್ಪ ಪಟ್ಟಣಕ್ಕೆ ಓಡಿದರು. ಹೆಸರು ರಿಜಿಸ್ಟರಿನಲ್ಲಿಲ್ಲ, ಸ್ಮಶಾನ ಸದಸ್ಯರಿಗೆ ಮಾತ್ರ, ಭಾನುವಾರ ಕಮಿಟಿಯಲ್ಲಿ ಇಟ್ಟು ನೋಡೋಣ ಎಂಬ ಉತ್ತರ ಸಿಕ್ಕಿತು. ಅಂದು ಗುರುವಾರ. ಅಪ್ಪ ಬರಿಗೈಯಲ್ಲಿ ಬಂದು ಜಗಲಿ ಮೇಲೆ ಕೂತದ್ದು ನನಗೆ ನೆನಪಿದೆ. ಅಷ್ಟರಲ್ಲಿ ನಮ್ಮ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಅಣ್ಣನೊಬ್ಬ, ಯಾರೂ ಹೇಳದೆ, ಹಾರೆ ಗುದ್ದಲಿ ಹಿಡಿದು ತೋಟದ ಅಂಚಿಗೆ ಹೋಗಿದ್ದ. ಎಲ್ಲ ಕೇರಿಯವರೂ ಬಂದರು. ಅಪ್ಪ ಒಂದು ಕೀರ್ತನೆ ಓದಿದರು. ಪಾದ್ರಿಗಳಿಲ್ಲದೆ ಅಜ್ಜಿ ಮಣ್ಣು ಸೇರಿದಳು.

ಈ ಕಥೆಯನ್ನು ನಾನು ಬಹಳ ವರ್ಷ ಗೆಲುವಿನ ಕಥೆಯೆಂದೇ ಹೇಳಿಕೊಂಡು ಬಂದೆ. ಕನ್ನಡ ಓದಿದವರಿಗೆ ಇದು ಸುಲಭ. ನಮ್ಮಲ್ಲಿ ಹೊರಗೆ ಬರುವುದಕ್ಕೆ ದೊಡ್ಡ ಗೌರವವಿದೆ. ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಹನ್ನೆರಡನೇ ಶತಮಾನದಿಂದ ಇಟ್ಟುಕೊಂಡಿದ್ದೇವೆ. ದೇವಮಂದಿರಗಳ ಬಾಗಿಲು ದಾಟಿ ಆಚೆ ಬರಲು ಕರೆದ ಕುವೆಂಪು ನಮ್ಮ ಪಠ್ಯದಲ್ಲಿದ್ದಾರೆ. ಆಚೆ ಬಂದ ಮೇಲೆ ಯಾರ ಜೊತೆ ಇರಬೇಕು ಎಂದು ಮಾತ್ರ ನಾವು ಸೆಮಿನಾರುಗಳಲ್ಲಿ ಹೆಚ್ಚು ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಬದುಕಿ ನೋಡಿದವರೊಬ್ಬರು ನಮ್ಮ ನಾಡಿನಲ್ಲೇ ಹುಟ್ಟಿದ್ದರು. ಪಂಡಿತಾ ರಮಾಬಾಯಿ ಅವರನ್ನು ನಾವು ಮಹಾರಾಷ್ಟ್ರಕ್ಕೆ ಬಿಟ್ಟುಕೊಟ್ಟಿದ್ದೇವೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಬಂದಾಗ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಕುಟುಂಬ ತೀರ್ಥಯಾತ್ರೆಯಲ್ಲಿ ಅಲೆದಾಡಿತು. ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾಗಿ, ಎರಡು ವರ್ಷದೊಳಗೆ ವಿಧವೆಯಾದ ರಮಾಬಾಯಿ, 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಚರ್ಚಿನವರು ಅಂದುಕೊಂಡಂತೆ. ಜಗಳ ಶುರುವಾದದ್ದೇ ಆಮೇಲೆ. ತಮ್ಮನ್ನು ಮಗಳಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಬರೆದ ಪತ್ರಗಳಲ್ಲಿ ರಮಾಬಾಯಿ ಒಂದೇ ಹಟ ಹಿಡಿದಿದ್ದಾರೆ: ನಾನು ಕ್ರಿಸ್ತನನ್ನು ಒಪ್ಪಿದ್ದೇನೆ, ನಿಮ್ಮ ಪಂಗಡವನ್ನಲ್ಲ. ಪುರೋಹಿತರ ನೊಗ ಈಗಷ್ಟೇ ಕಳಚಿಕೊಂಡವಳು ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬುದು ಅವರ ವಾದದ ಸಾರ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲಿ ಯಾಕಿರಬೇಕು, ನಮ್ಮವರಿಗೆ ತಿಳಿಯುವ ಸಂಸ್ಕೃತದಲ್ಲಿ ಯಾಕಿರಬಾರದು ಎಂದೂ ಕೇಳಿದರು.

ಇಷ್ಟನ್ನೇ ಓದಿದರೆ ರಮಾಬಾಯಿ ನನ್ನ ಪಕ್ಷದವರು. ಆದರೆ ಅವರು ಮುಂದೆ ಮಾಡಿದ್ದನ್ನೂ ನೋಡಬೇಕು. ಒಂಟಿಯಾಗಿ ಕೂತು ಧ್ಯಾನ ಮಾಡಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896ರ ಬರದಲ್ಲಿ ಹಸಿದ ಹುಡುಗಿಯರನ್ನು ಕರೆತಂದು ಪುಣೆ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಎಂಬ ಊರನ್ನೇ ಕಟ್ಟಿದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು, ಮಕ್ಕಳು ಇದ್ದರು. ಹೊಲ, ಮಗ್ಗ, ಮುದ್ರಣಾಲಯ ಇದ್ದವು. ಪಂಗಡದ ಹೆಸರು ಬೇಡವೆಂದ ಅದೇ ರಮಾಬಾಯಿ ಅಲ್ಲಿ ದೊಡ್ಡ ಪ್ರಾರ್ಥನಾಮಂದಿರ ಕಟ್ಟಿಸಿದರು. ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತಾವೇ ತಂದರು. ತಪ್ಪುಗಳೂ ಆಗಿರಬಹುದು. ಶಾರದಾ ಸದನದ ಹುಡುಗಿಯರು ಅವರ ಪ್ರಾರ್ಥನೆಗೆ ಬರುತ್ತಾರೆಂಬ ಕಾರಣಕ್ಕೆ 1893ರಲ್ಲಿ ರಾನಡೆ, ಭಂಡಾರ್ಕರ್ ಮುಂತಾದವರು ಸಲಹಾ ಮಂಡಳಿ ಬಿಟ್ಟರು. ಹೊರಗೆ ಬಂದವರು ಕಟ್ಟಿದ ಮನೆಗೂ ಒಳಗೆ, ಹೊರಗೆ ಎಂಬುದು ಹುಟ್ಟಿಕೊಳ್ಳುತ್ತದೆ. ಇದು ಗೊತ್ತಿದ್ದೂ, ಕಟ್ಟದೆ ಇರುವುದಕ್ಕಿಂತ ಕಟ್ಟುವುದು ಮೇಲು ಎಂಬಂತೆ ಅವರು ಬದುಕಿದರು.

ಇದಕ್ಕೆ ಎದುರಾಗಿ ಇನ್ನೊಂದು ಸಾವು ನೆನಪಾಗುತ್ತದೆ. ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ಡ್ ಬದುಕಿನ ಕೊನೆಯ ವರ್ಷ ತನ್ನ ದೇಶದ ಚರ್ಚಿನ ಮೇಲೆ ನಿರ್ದಾಕ್ಷಿಣ್ಯವಾಗಿ ಬರೆದ. ಪಾದ್ರಿಗಳು ಸರ್ಕಾರಿ ನೌಕರರು, ಅವರಿಗೂ ಕ್ರೈಸ್ತಧರ್ಮಕ್ಕೂ ಸಂಬಂಧವಿಲ್ಲ ಎಂದು ಹೇಳಿ ಸಾಯುವಾಗ ಅವರ ಕೈಯಿಂದ ಪ್ರಭುಭೋಜನವನ್ನೂ ತೆಗೆದುಕೊಳ್ಳಲಿಲ್ಲ. 1855ರ ನವೆಂಬರಿನಲ್ಲಿ ಅವನು ಸತ್ತಾಗ ಅದೇ ಚರ್ಚು ಕೋಪನ್‌ಹೇಗನ್ನಿನ ಮುಖ್ಯ ದೇವಾಲಯದಲ್ಲಿ ಅವನ ಅಂತ್ಯಕ್ರಿಯೆ ನಡೆಸಿತು. ಪಾದ್ರಿಯಾಗಿದ್ದ ಅಣ್ಣ ಮಾತಾಡಿದ. ಹೂಳುವ ಜಾಗದಲ್ಲಿ ಅಕ್ಕನ ಮಗನೊಬ್ಬ ಎದ್ದು ನಿಂತು, ಬದುಕಿದ್ದಾಗ ನಿಮ್ಮನ್ನು ಬಿಟ್ಟವನನ್ನು ಸತ್ತ ಮೇಲೆ ನಿಮ್ಮವನು ಮಾಡಿಕೊಳ್ಳುತ್ತೀರಾ ಎಂದು ಪ್ರತಿಭಟಿಸಿದ.

ಅಲ್ಲಿ ಒಲ್ಲೆನೆಂದವನನ್ನು ಚರ್ಚು ಎಳೆದುಕೊಂಡಿತು. ಇಲ್ಲಿ ಕೊನೆಯವರೆಗೂ ನಂಬಿದವಳನ್ನು ಹೊರಗಿಟ್ಟಿತು. ಎರಡರಲ್ಲೂ ಸಂಸ್ಥೆ ತಪ್ಪು ಮಾಡಿತು ಎಂದು ಬರೆದು ನಾನು ಲೇಖನ ಮುಗಿಸಬಹುದಿತ್ತು. ಆದರೆ ಎರಡು ಹೆಣಗಳೂ ತಾವಾಗಿ ಮಣ್ಣಿಗೆ ಹೋಗಲಿಲ್ಲ. ಮನಸ್ಸಾಕ್ಷಿ ಒಬ್ಬನದ್ದೇ ಇರಬಹುದು, ಹೊರಲು ನಾಲ್ಕು ಜನ ಬೇಕು. ಸುವಾರ್ತೆಯಲ್ಲಿ ಯೇಸು ತಾನು ಜೊತೆಗಿರುವುದಾಗಿ ಹೇಳುವಾಗಲೂ ಲೆಕ್ಕ ಇಬ್ಬರು ಮೂವರಿಂದ ಶುರುವಾಗುತ್ತದೆ. ಸಾವಿರ ಜನ ಬೇಕೆಂದಿಲ್ಲ, ಕಟ್ಟಡ ಬೇಕೆಂದಿಲ್ಲ. ಒಬ್ಬ ಸಾಕು ಎಂದೂ ಇಲ್ಲ. ಕನ್ನಡ ಸತ್ಯವೇದದವರು ಚರ್ಚಿಗೆ ಬಳಸಿದ ಪದವೇ ಸಭೆ.

ಗೆಳೆಯನೊಬ್ಬ ಹೇಳುತ್ತಾನೆ, ಚರ್ಚು ಬರೀ ಕರಟ, ನಂಬಿಕೆ ಒಳಗಿನ ಕೊಬ್ಬರಿ, ಕರಟ ಒಡೆದರೆ ನಷ್ಟವೇನು ಎಂದು. ಅವನು ತಿಪಟೂರು ಸೀಮೆಯವನಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕರಟದಿಂದ ತಾನೇ ಬಿಡಿಸಿಕೊಳ್ಳುತ್ತದೆ, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುತ್ತದೆ. ಆಗ ಒಡೆದರೆ ಉಂಡೆ ಇಡಿಯಾಗಿ ಬರುತ್ತದೆ, ತಿಂಗಳುಗಟ್ಟಲೆ ಇಡಬಹುದು. ಮೊದಲೇ ಒಡೆದ ಕಾಯಿಯ ಹೋಳು ಎರಡು ದಿನಕ್ಕೆ ಲೋಳೆಯಾಗುತ್ತದೆ. ಅಜ್ಜಿ ಚರ್ಚು ಬಿಡುವ ಹೊತ್ತಿಗೆ ಅದರೊಳಗೇ ನಲವತ್ತು ವರ್ಷ ಕಳೆದಿದ್ದಳು. ಅವಳಿಗೆ ಓದು ಕಲಿಸಿದ್ದು ಮಿಷನ್ ಶಾಲೆ. ಅವಳ ಬಾಯಲ್ಲಿದ್ದ ಕೀರ್ತನೆಗಳು ಸಭೆಯ ಹಾಡುಗಳು. ಇನ್ನೊಬ್ಬರ ಸಾವಿಗೆ ಹೋಗಬೇಕೆಂಬ ರೂಢಿಯೂ ಅಲ್ಲಿಯದೇ. ಅವಳು ಹೊರಗೆ ಬಂದಾಗ ಇಡಿಯಾಗಿ ಬಂದಳು. ನನಗೆ ಸಿಕ್ಕಿದ್ದು ಅವಳು ಬಿಟ್ಟದ್ದು ಮಾತ್ರ, ಅವಳು ತಂದದ್ದಲ್ಲ. ನನ್ನ ಭಾನುವಾರಗಳು ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವುದರಲ್ಲಿ ಕಳೆಯುತ್ತವೆ. ಅದನ್ನು ಸಂಸ್ಥೆಯ ಹೊರಗಿನ ನಂಬಿಕೆ ಎಂದು ಕರೆಯುವುದು ಅಜ್ಜಿಗೆ ಮಾಡುವ ಅವಮಾನ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಅದೂ ಗೊತ್ತು. ಕರಟ ಕೊನೆಗೆ ಒಲೆಗೆ ಹೋಗುತ್ತದೆ. ಆದರೆ ಮೂರು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಮ್ಮ ಹೆಸರಿಲ್ಲದ ಅದೇ ಸಭೆಯ ಇಬ್ಬರು ಹೆಂಗಸರು ಹನ್ನೊಂದು ದಿನ ಮನೆಯಿಂದ ಅನ್ನ ಸಾರು ತಂದುಕೊಟ್ಟರು. ರಿಜಿಸ್ಟರಿನ ಮಾತನ್ನೇ ಎತ್ತಲಿಲ್ಲ. ಅಮ್ಮ ಅರ್ಜಿ ತಂದದ್ದು ಕಮಿಟಿಯನ್ನು ನೋಡಿ ಅಲ್ಲ, ಆ ಇಬ್ಬರನ್ನು ನೋಡಿ. ಅವಳದ್ದು ಹೆದರಿಕೆಯ ಶರಣಾಗತಿ ಎಂದು ನಾನು ಅಂದುಕೊಂಡಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ನನ್ನ ಸಾಲು? ಸೊಸೆಗೆ ಅನ್ನ ಹಾಕಿದ್ದಕ್ಕೆ ಕ್ಷಮೆ ಕೇಳಬೇಕೆಂದ ನಿಯಮ ಇವತ್ತಿಗೂ ಅಲ್ಲಿದೆ. ಅದಕ್ಕೆ ಸಹಿ ಹಾಕಿದರೆ ಅಜ್ಜಿಯ ಜೊತೆ ದೊಡ್ಡಮ್ಮನಿಗೂ ದ್ರೋಹವಾಗುತ್ತದೆ. ಆ ಕಾರಣಕ್ಕೆ ಹೊರಗೆ ನಿಲ್ಲುವುದು ಸರಿ ಎಂದೇ ನಂಬಿದ್ದೇನೆ. ಆದರೆ ಹೊರಗೆ ನಿಂತವನು ಚರ್ಚು ಹೊರುತ್ತಿದ್ದ ಭಾರದಲ್ಲಿ ತನ್ನ ಪಾಲನ್ನು ತಾನೇ ಹೊರಬೇಕು. ಕಾಯಿಲೆಯವರ ಮನೆ, ಸಾವಿನ ಮನೆ, ಇಷ್ಟವಿಲ್ಲದವರ ಜೊತೆಗಿನ ಊಟ ಇವುಗಳಿಂದ ಬಿಡುಗಡೆ ಬೇಕೆಂದು ಹೊರಗೆ ಬಂದರೆ ಅದು ಮನಸ್ಸಾಕ್ಷಿಯಲ್ಲ, ಸೋಮಾರಿತನ. ರಮಾಬಾಯಿ ಅದನ್ನು ಸಾವಿರ ಜನರ ಲೆಕ್ಕದಲ್ಲಿ ಹೊತ್ತರು, ಅಜ್ಜಿ ಒಂದು ಊರಿನ ಲೆಕ್ಕದಲ್ಲಿ. ನಾನಿನ್ನೂ ಶುರು ಮಾಡಿರಲಿಲ್ಲ.

ಅಮ್ಮನ ಅರ್ಜಿಯನ್ನು ಕೊಟ್ಟು, ಅವಳ ಚಂದಾ ಕಟ್ಟಿ ಬಂದೆ. ಕಳೆದ ವಾರ ಊರಿನಿಂದ ಫೋನ್ ಬಂತು. ಅಜ್ಜಿಯ ಗುಂಡಿ ತೋಡಿದ್ದ ಆ ಅಣ್ಣ ತೀರಿಕೊಂಡಿದ್ದ. ಮಾರ್ಗದರ್ಶಕರಿಗೆ ಅಧ್ಯಾಯ ಕೊಡುವ ದಿನ ಅದು. ತುಮಕೂರಿನಿಂದ ಮೊದಲ ಬಸ್ಸು ಹತ್ತಿದೆ. ಅವರ ಕೇರಿಯವರು ನನ್ನನ್ನು ನೋಡಿ ಒಂದು ಕ್ಷಣ ಸುಮ್ಮನಾದರು, ಆಮೇಲೆ ಚಟ್ಟದ ಹಿಂದಿನ ಎಡಗಡೆ ಜಾಗ ಬಿಟ್ಟುಕೊಟ್ಟರು. ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನೀರಿನ ಕೊಡ ಇಟ್ಟಿದ್ದಳು. ಅರ್ಜಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.