ಗರೀಬನೆಂದರೆ ಯಾರು?

‘ಗರೀಬ’ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಬಡವ ಎಂದು ಅರ್ಥ ಹೇಳಿ ನಾವು ಮುಂದೆ ಹೋಗುತ್ತೇವೆ. 1971ರ ಲೋಕಸಭಾ ಚುನಾವಣೆಯಲ್ಲಿ ‘ಗರೀಬಿ ಹಟಾವೋ’ ಘೋಷಣೆ ಹಳ್ಳಿಹಳ್ಳಿಗೂ ಮುಟ್ಟಿದ ಮೇಲಂತೂ ಇದಕ್ಕೆ ನಿಘಂಟೇ ಬೇಕಿಲ್ಲ. ಆದರೆ ಈ ಪದ ಹುಟ್ಟಿದ ಅರಬಿಯಲ್ಲಿ ಗರೀಬ ಎಂದರೆ ಅಪರಿಚಿತ, ತನ್ನ ಊರು ಬಿಟ್ಟು ಬಂದವನು. ಸೂರ್ಯ ದೂರ ಸರಿದು ಮರೆಯಾಗುವ ‘ಮಗ್ರಿಬ್’ ಕೂಡ ಇದೇ ಧಾತುವಿನಿಂದ ಬಂದುದು. ಉರ್ದುವಿನಲ್ಲಿ ವಿಚಿತ್ರವಾದುದನ್ನು ‘ಅಜೀಬ್-ಓ-ಗರೀಬ್’ ಎನ್ನುವಾಗ ಆ ಹಳೆಯ ಅರ್ಥ ಈಗಲೂ ಇಣುಕುತ್ತದೆ. ಬಡವನಿಗೆ ಅರಬರು ‘ಫಕೀರ್’ ಎನ್ನುತ್ತಾರೆ. ಆ ಪದವೋ ನಮ್ಮಲ್ಲಿಗೆ ಬಂದು ಜೋಳಿಗೆ ಹಿಡಿದ ಸಂತನಾಯಿತು!

ಹದಿನೈದನೆಯ ಶತಮಾನದ ಬೀದರಿನಲ್ಲೂ ಗರೀಬನೆಂದರೆ ಹಣವಿಲ್ಲದವನಲ್ಲ. ಬಹಮನಿ ಆಸ್ಥಾನದಲ್ಲಿ ಇರಾನ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದವರು ‘ಆಫಾಕಿ’ಗಳು, ‘ಗರೀಬ’ರು, ಮೊದಲೇ ಇಲ್ಲಿ ಬೇರು ಬಿಟ್ಟಿದ್ದವರು ‘ದಖನಿ’ಗಳು. ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದು ಪ್ರಧಾನಿಯಾದ, 1472ರಲ್ಲಿ ಪ್ರಖ್ಯಾತ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಈ ಅರ್ಥದಲ್ಲಿ ಗರೀಬ. ಕಾಲು ಶತಮಾನಕ್ಕೂ ಹೆಚ್ಚು ಕಾಲ ರಾಜ್ಯಕ್ಕಾಗಿ ದುಡಿದರೂ ಅವನು ಹೊರಗಿನವನಾಗಿಯೇ ಉಳಿದ. 1481ರಲ್ಲಿ ವಿರೋಧಿಗಳು ಅವನ ಮೊಹರಿದ್ದ ಖೊಟ್ಟಿ ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು. ಸುಲ್ತಾನ ಅವನ ಕೊಲೆಗೆ ಆಜ್ಞೆ ಮಾಡಿದ. ಅಧಿಕಾರವಾಗಲಿ ಸಂಪತ್ತಾಗಲಿ ಅವನ ಗರೀಬಿಯನ್ನು ತೊಡೆಯಲಿಲ್ಲ.

ಹಾಗಾದರೆ ಈ ಅಪರಿಚಿತ ಬಡವನಾದದ್ದು ಹೇಗೆ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಕನ್ನಡದ ‘ಪರದೇಶಿ’ಯನ್ನೇ ನೋಡಿ. ಅದರ ಅಕ್ಷರಶಃ ಅರ್ಥ ಬೇರೆ ದೇಶದವನು. ಆದರೆ ನಮ್ಮ ಹಳ್ಳಿಗಳಲ್ಲಿ ತಂದೆ ತಾಯಿ ಇಲ್ಲದ ಕೂಸನ್ನು, ನೋಡಿಕೊಳ್ಳುವವರಿಲ್ಲದ ಮುದುಕಿಯನ್ನು ‘ಪಾಪ, ಪರದೇಶಿ’ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ದುರ್ಗತಿಗೆ ‘ಎಲೆಂಡ್’ ಎಂಬ ಪದವಿದೆ. ಅದರ ಮೂಲಾರ್ಥ ಪರನಾಡು. ಇಂಗ್ಲಿಷಿನಲ್ಲಿ ದೀನನನ್ನು ಸೂಚಿಸುವ ‘ರೆಚ್’ ಒಂದು ಕಾಲದಲ್ಲಿ ಗಡಿಪಾರಾದವನಿಗೆ ಇದ್ದ ಹೆಸರು. ಈ ಭಾಷೆಗಳು ಒಂದರಿಂದ ಒಂದು ಕಲಿತು ಹೀಗೆ ಮಾಡಲಿಲ್ಲ. ಬೇರೆ ಬೇರೆ ನಾಡಿನ ಜನ ಕಣ್ಣಾರೆ ಕಂಡದ್ದನ್ನೇ ಮಾತಾಗಿಸಿದರು. ತನ್ನವರಿಲ್ಲದ ಕಡೆ ಮನುಷ್ಯ ಬಡವನಾಗುತ್ತಾನೆ, ಇಷ್ಟೇ ಅದರ ಸಾರ.

ಪದದ ಮೂಲ ಏನೇ ಇರಲಿ, ಅದರಿಂದ ನೀತಿ ಹುಟ್ಟುತ್ತದೆಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಿಘಂಟು ಧರ್ಮಗ್ರಂಥವಲ್ಲ. ಲ್ಯಾಟಿನ್ನಿನ ‘ಹೋಸ್ಟಿಸ್’ ಎಂದರೆ ಮೊದಲು ಪರಕೀಯ, ಬಳಿಕ ಶತ್ರು. ಇಂಗ್ಲಿಷಿನಲ್ಲಿ ಅತಿಥಿಯನ್ನು ಹೇಳುವ ‘ಗೆಸ್ಟ್’ ಅದೇ ಬೇರಿನ ಇನ್ನೊಂದು ಕವಲು. ಬಾಗಿಲಿಗೆ ಬಂದವನನ್ನು ವೈರಿ ಮಾಡಬೇಕೋ ನೆಂಟನನ್ನಾಗಿ ಮಾಡಬೇಕೋ ಎಂಬುದನ್ನು ಬಾಗಿಲು ತೆರೆಯುವವನೇ ತೀರ್ಮಾನಿಸಬೇಕು. ಭಾಷೆ ಆ ತೀರ್ಮಾನ ಮಾಡುವುದಿಲ್ಲ, ಮಾಡಿದ್ದಕ್ಕೆ ಸಾಕ್ಷಿ ನುಡಿಯುತ್ತದೆ ಅಷ್ಟೆ.

ಈ ಸಾಕ್ಷಿಯನ್ನು ಒಪ್ಪಿಕೊಂಡರೆ ನಮ್ಮ ದಾನಧರ್ಮದ ಕಲ್ಪನೆಯೇ ಅಲುಗುತ್ತದೆ. ಗರೀಬ ಬರೀ ಹಣವಿಲ್ಲದವನಾದರೆ ನಾಲ್ಕು ಕಾಸು ಕೊಟ್ಟು ಕೈತೊಳೆದುಕೊಳ್ಳಬಹುದು. ಅವನು ಅಪರಿಚಿತನಾಗಿದ್ದರೆ? ಆಗ ಅವನ ಹೆಸರು ಕೇಳಬೇಕಾಗುತ್ತದೆ. ಬಾಡಿಗೆ ಮನೆಗೆ, ಕೆಲಸಕ್ಕೆ, ಮಗುವಿನ ಶಾಲೆಗೆ ‘ಇವನು ನಮಗೆ ಗೊತ್ತಿರುವವನು’ ಎಂದು ಹೇಳಬೇಕಾಗುತ್ತದೆ. ಹಣ ಕೊಡುವುದಕ್ಕಿಂತ ಇದು ಕಷ್ಟ.

ಕ್ರಿ.ಶ. 622ರ ಹಿಜ್ರತ್ತಿನಲ್ಲಿ ಮಕ್ಕಾದಿಂದ ಮದೀನಕ್ಕೆ ಬಂದ ಮುಹಾಜಿರ್‌ಗಳು ಎರಡೂ ಅರ್ಥದಲ್ಲಿ ಗರೀಬರೇ. ಮನೆ ಮಾರು ಅಲ್ಲಿ ಉಳಿದಿತ್ತು, ಬಂಧುಬಳಗ ಇಲ್ಲಿರಲಿಲ್ಲ. ಪ್ರವಾದಿ ಮುಹಮ್ಮದರು(ಸ) ಅವರಿಗೆ ಗಂಜಿ ಕೇಂದ್ರ ತೆರೆಸಲಿಲ್ಲ. ಒಬ್ಬೊಬ್ಬ ಮುಹಾಜಿರನಿಗೂ ಮದೀನದ ಒಬ್ಬ ಅನ್ಸಾರಿಯನ್ನು ಸಹೋದರನನ್ನಾಗಿ ಮಾಡಿದರು. ಅಬ್ದುರ್ರಹ್ಮಾನ್ ಬಿನ್ ಔಫರಿಗೆ(ರ) ಸಹೋದರರಾಗಿ ದೊರೆತ ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಸಅದರಿಗೆ ಶುಭ ಹಾರೈಸಿ, ಪೇಟೆಯ ದಾರಿಯನ್ನಷ್ಟೇ ಕೇಳಿದರು. ಅಂದು ವ್ಯಾಪಾರ ಮಾಡಿ ಸ್ವಲ್ಪ ತುಪ್ಪ, ಒಣಗಿಸಿದ ಮೊಸರು ಗಳಿಸಿ ಮರಳಿದರು. ಮುಂದೆ ದೊಡ್ಡ ವರ್ತಕರಾದರು. ಅವರಿಗೆ ಬೇಕಾಗಿದ್ದುದು ದಾರಿ ಹೇಳುವ ಒಬ್ಬ ತನ್ನವನು. ಅರ್ಧ ಆಸ್ತಿಗೂ ಸಿದ್ಧನಿದ್ದ ಸಹೋದರ ಸಿಕ್ಕಿದ್ದರಿಂದಲೇ ಆಸ್ತಿ ಬೇಡವಾಯಿತು.

ಹುಟ್ಟಿದ ಊರಿನಲ್ಲೇ ಬಡವರಾಗಿರುವ ಕೋಟ್ಯಂತರ ಜನರಿಲ್ಲವೇ, ಅವರಿಗೆ ಈ ಮಾತು ಹೇಗೆ ಅನ್ವಯಿಸುತ್ತದೆ ಎನ್ನಬಹುದು. ತಲೆತಲಾಂತರದಿಂದ ಊರ ಹೊರಗಿನ ಕೇರಿಯಲ್ಲಿ ಇರಿಸಲ್ಪಟ್ಟವನನ್ನು ನೆನೆಯಿರಿ. ಅವನು ಊರಿನ ಹೊಲ ಉತ್ತ, ಊರಿನ ಹೊಲಸು ಎತ್ತಿದ. ಆದರೂ ಊರಿನ ಬಾವಿ ಅವನದಾಗಲಿಲ್ಲ. ಗರೀಬ ಪದದ ಹಳೆಯ ಅರ್ಥ ಇವನಿಗೆ ಒಪ್ಪುವಷ್ಟು ಇನ್ನಾರಿಗೂ ಒಪ್ಪದು. ಅವನನ್ನು ಮೊದಲು ಪರಕೀಯನನ್ನಾಗಿ ಮಾಡಲಾಯಿತು, ಬಡತನ ಅದರ ಬೆನ್ನಿಗೇ ಬಂತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಬಳಿಕ ನಗರಗಳನ್ನು ಕಟ್ಟಿದ ಕೈಗಳು ಗಂಟುಮೂಟೆ ಹೊತ್ತು ಹೆದ್ದಾರಿಗಿಳಿದವು. ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅವರನ್ನು ಊರಿಗೊಯ್ಯಬೇಕಿದ್ದ ರೈಲುಗಳು ಬೇಡವೆಂದು ಹೇಳಿ, ಟೀಕೆ ಬಂದ ಮೇಲೆ ಮತ್ತೆ ಒಪ್ಪಿತು. ದುಡಿಮೆ ಬೇಕಿತ್ತು, ದುಡಿಯುವವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಂದು ಅನೇಕ ದಯಾಳುಗಳು ಅನ್ನದ ಪೊಟ್ಟಣ ಹಂಚಿದರು. ಅದು ದೊಡ್ಡ ಕೆಲಸವೇ, ಹಸಿದವನಿಗೆ ಮೊದಲು ಅನ್ನವೇ ಬೇಕು. ಆದರೆ ವರ್ಷಗಟ್ಟಲೆ ನಮ್ಮ ಬೀದಿಯಲ್ಲೇ ಗೋಡೆ ಕಟ್ಟಿದವನ ಊರು ಯಾವುದೆಂದು ಅದಕ್ಕೆ ಮುಂಚೆ ಎಷ್ಟು ಜನ ಕೇಳಿದ್ದೆವು?

ಗರೀಬಿ ತೊಲಗಿಸುವ ಯೋಜನೆಗಳನ್ನು ಸರ್ಕಾರಗಳು ಮಾಡಲಿ, ಅದು ಅವುಗಳ ಹೊಣೆ. ಗರೀಬನೊಬ್ಬನ ಹೆಸರು ಕೇಳಿ, ಅವನ ಪರಿಚಯವನ್ನು ನಾಲ್ಕು ಜನರಿಗೆ ಮಾಡಿಕೊಡುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.